ಕುರುಗೋಡಿನ ಹಸಿರು ಬಳೆ

ಕುಸುಬೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಅಂಗೈಗೆ ತಾಗಿದ್ದೇ ತಡ, ಕೊಟ್ರಮ್ಮ ಕಿಟಾರನೆ ಕಿರುಚಿದಳು. ಹಿತ್ತಲಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆ ಕತ್ತೆತ್ತಿ ನೋಡಿತು.

"ಸುಮ್ಕಿರು ಲೇ, ಓಣಿಗೆಲ್ಲ ಕೇಳತೈತಿ," ಎಂದು ತಾಯಿ ವೀರಭದ್ರಮ್ಮ ಗದರಿದಳು.

"ಉರಿಯಾಕ ಹತ್ತೈತಿ ಯವ್ವಾ! ಖಾರ ಸವರಿದಂಗ ಆಗೈತಿ!"

"ಉರಿದ್ರ ಉರೀಲಿ. ಬೀಗರು ನಿನ್ನೆನ ಕುರುಗೋಡು ಬಿಟ್ಟಾರ. ಊಟದ ಹೊತ್ತಿಗೆ ಗಾಡಿ ಬಾಗಿಲಿಗೆ ಬಂದಿರತೈತಿ. ಈ ಕೈ ತೋರಸ್ತೀಯೇನು ನಿಮ್ಮತ್ತಿಗೆ?"

ಮಾಘದ ಒಣಗಾಳಿಗೆ ಸಿರುಗುಪ್ಪದಲ್ಲಿ ಎಲ್ಲರ ಕೈಕಾಲೂ ಬಿರಿಯುತ್ತವೆ, ಅದೇನು ಹೊಸತಲ್ಲ. ಆದರೆ ಕೊಟ್ರಮ್ಮನದು ತಾನಾಗಿ ತಂದುಕೊಂಡ ಪಾಡು. ಮದುವೆ ಮನೆಗೆ ಸುಣ್ಣ ಬಳಿಯಲು ಆಳು ಬರುವವರೆಗೆ ಕಾಯುವ ತಾಳ್ಮೆ ಅವಳಿಗೆಲ್ಲಿ? ಸಂಭ್ರಮ ತಡೆಯಲಾರದೆ ಸುಣ್ಣದ ಗಡಿಗೆಗೆ ತಾನೇ ಕೈ ಅದ್ದಿದಳು. ಪಡಸಾಲೆ ಬಳಿದು ಸಾಲದೆ ದನದ ಕೊಟ್ಟಿಗೆಯನ್ನೂ ಬಳಿದಳು. ಗೋಡೆಗಳು ಹಾಲಿನಂತೆ ಬೆಳ್ಳಗಾದವು. ಕೈಗಳು ಮಾತ್ರ ಬೂದಿ ಬಣ್ಣಕ್ಕೆ ತಿರುಗಿ, ಊದಿ, ಗೆಣ್ಣುಗೆಣ್ಣಿಗೂ ಸೀಳುಬಿಟ್ಟವು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಮದುಮಗಳಿಗೆ ಹಸಿರು ಬಳೆ ತರುವುದು ಗಂಡಿನವರ ಪದ್ಧತಿ. ಅಳತೆಗೆಂದು ಹೆಣ್ಣಿನವರು ಅವಳ ಹಳೆಯ ಬಳೆಯೊಂದನ್ನು ಮೊದಲೇ ಕಳಿಸಿಕೊಡಬೇಕು. ಇಲ್ಲಿಯೇ ವೀರಭದ್ರಮ್ಮ ಒಂದು ಜಾಣತನ ಮಾಡಿದ್ದಳು. ಮಗಳ ಕೈ ಅಗಲ, ಗಂಡಸಿನ ಕೈಯಂಥದ್ದು; ಬೀಗರು ಏನೆಂದುಕೊಂಡಾರೋ ಎಂದು ನಾಚಿ, ಕೊಟ್ರಮ್ಮ ಲಂಗ ಉಡುತ್ತಿದ್ದ ಕಾಲದ ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿಬಿಟ್ಟಿದ್ದಳು. ಏರಿಸುವವರಿದ್ದರೆ ಯಾವ ಬಳೆಯೂ ಏರುತ್ತದೆ ಎಂಬುದು ಅವಳ ಧೈರ್ಯ. ಬೀಗರು ಅದೇ ಅಳತೆಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ರೈಲಿನಲ್ಲಿ ಬಂದ ಮಾಲಿನಲ್ಲೇ ಆರಿಸಿ ಬಳೆ ಕೊಂಡಿದ್ದಾರೆಂದು ಸುದ್ದಿ ಬಂದಿತ್ತು.

ಅತ್ತೆಯ ಎದುರು ಬಳೆ ಒಡೆದರೆ ಮುಗಿಯಿತು. ಅಪಶಕುನವೆಂದು ಬಂದ ದಾರಿಯಲ್ಲೇ ಗಾಡಿ ತಿರುಗಿಸಿದವರನ್ನು ವೀರಭದ್ರಮ್ಮ ಕಣ್ಣಾರೆ ಕಂಡಿದ್ದಳು. ಕೊಟ್ರಮ್ಮನಿಗೋ ಈ ಮದುವೆ ಆಗಲೇಬೇಕು. ಹೆಣ್ಣು ನೋಡಲು ಬಂದಾಗ ಆ ಹುಡುಗ ನೀರಿನ ತಂಬಿಗೆ ಇಸಿದುಕೊಳ್ಳುತ್ತಾ, ಯಾರಿಗೂ ಕಾಣದ ಹಾಗೆ, ಅವಳ ಕಡೆ ನೋಡಿ ನಕ್ಕಿದ್ದ. ಅಂದಿನಿಂದ ಅವಳ ಕಾಲು ನೆಲಕ್ಕೆ ತಾಗಿರಲಿಲ್ಲ.

ಅಷ್ಟರಲ್ಲಿ ಬಳೆ ತೊಡಿಸುವ ಕುಲ್ಸುಂಬೀ ಹೆಗಲ ಮೇಲೆ ಬಳೆಗಳ ಮಲಾರ ತೂಗಿಕೊಂಡು ಒಳಗೆ ಬಂದಳು. ಕೊಟ್ರಮ್ಮನ ಕೈ ಹಿಡಿದು ತಿರುಗಿಸಿ ನೋಡಿದಳು.

"ಏನ್ ಮಾಡೀರಿ ಯಕ್ಕಾ? ಸುಣ್ಣ ಇನ್ನಾ ತೊಗಲಾಗ ಕುಂತೈತಿ. ಅದರ ಮ್ಯಾಲ ಅರಿಷಿಣ ಬಡಿದ್ರ ಹುಡುಗಿ ಅಳದ ಏನ್ ಮಾಡ್ತಾಳ? ಮೊದಲ ಹುಳಿ ಮಜ್ಜಿಗಿ ತರ್ರಿ!"

ಅಲ್ಲಿಂದ ಮುಂದೆ ಆ ಮನೆಯ ಅಡುಗೆ ಕೋಣೆಯಲ್ಲಿ ಒಂದು ಪಾತ್ರೆಯೂ ತನ್ನ ಜಾಗದಲ್ಲಿ ಉಳಿಯಲಿಲ್ಲ. ಹುಳಿ ಮಜ್ಜಿಗೆಯಲ್ಲಿ ಕೈ ಅದ್ದಿದಾಗ ಕೊಟ್ರಮ್ಮ ತುಟಿ ಕಚ್ಚಿಕೊಂಡಳು. ಉರಿ ಮೆಲ್ಲಗೆ ಇಳಿಯಿತು. ಬಟ್ಟಲಲ್ಲಿ ಕಡಲೆ ಹಿಟ್ಟಿಗೆ ಹಾಲಿನ ಕೆನೆ ಕಲಸಿ ಕುಲ್ಸುಂಬೀ ಬೆರಳುಬೆರಳಿಗೂ ತಿಕ್ಕಿದಳು. ಆಮೇಲೆ ಬಿಸಿ ತುಪ್ಪ. ತಂದೆ ಮರಿಬಸಪ್ಪ ತಾನೂ ಏನಾದರೂ ಮಾಡಬೇಕೆಂದು ಬೆಣ್ಣೆಯ ಗಡಿಗೆಯನ್ನೇ ಎತ್ತಿಕೊಂಡು ಬಂದ.

"ಎಲ್ಲಾ ಕೈಗೆ ಸುರಿದ್ರ ಹೋಳಿಗಿಗೆ ಏನ್ ಹಾಕ್ತೀರಿ?" ಎಂದು ಹೆಂಡತಿ ಅವನ ಕೈಯಿಂದ ಗಡಿಗೆ ಕಸಿದುಕೊಂಡಳು. ಕಸಿದವಳೇ ಒಂದು ದೊಡ್ಡ ಉಂಡೆ ಬೆಣ್ಣೆ ತೆಗೆದು ಮಗಳ ಮುಂಗೈಗೆ ಮೆತ್ತಿದಳು.

"ಯವ್ವಾ, ನೋಡ, ಬೆರಳು ಮಡಚಾಕ ಬರ್ತಾವ!" ಕೊಟ್ರಮ್ಮ ಮುಷ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಕುಣಿದಾಡಿದಳು. ಮನೆಯೆಲ್ಲ ತುಪ್ಪದ ಘಮ. ಹೊರಗೆ ಎತ್ತಿನ ಕೊರಳ ಗೆಜ್ಜೆ ಕೇಳಿದ್ದು ಆಗಲೇ.

ಬೀಗಿತ್ತಿ ಚನ್ನಬಸಮ್ಮ ಎತ್ತರದ ಹೆಂಗಸು, ಮಾತು ಕಡಿಮೆ. ಕೈಕಾಲು ತೊಳೆದು ಬಂದು, ಸೆರಗಿನೊಳಗೆ ಕೈ ಮುಚ್ಚಿಕೊಂಡು ಕಂಬಳಿಯ ಮೇಲೆ ಕುಳಿತಳು. ಓಣಿಯ ಹೆಂಗಸರು ಬಾಗಿಲವರೆಗೂ ತುಂಬಿಕೊಂಡರು. ಗಂಟು ಬಿಚ್ಚಿ ಬಳೆಗಳನ್ನು ಹರಡಿದಾಗ ಎಲ್ಲರ ಬಾಯಿಂದಲೂ ಒಂದು ಉದ್ಗಾರ ಹೊರಟಿತು. ಎಳೆಯ ಭತ್ತದ ಸಸಿಯಂಥ ಹಸಿರು. ಎಷ್ಟು ಚೆಂದವೋ ಅಷ್ಟೇ ಚಿಕ್ಕವು.

ಕುಲ್ಸುಂಬೀ ಕೊಟ್ರಮ್ಮನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಒಂದು ಬಳೆ ದಾಟಿಸಿದಳು. ಜಾರಿತು! ಮತ್ತೊಂದು. ಅದೂ ಜಾರಿತು. ಒಂದೊಂದು ದಾಟಿದಾಗಲೂ ವೀರಭದ್ರಮ್ಮ ಹಿಡಿದಿದ್ದ ಉಸಿರು ಬಿಡುತ್ತಿದ್ದಳು. ಬಲಗೈ ತುಂಬಿತು. ಎಡಗೈಯೂ ತುಂಬುತ್ತಾ ಬಂತು. ಕೊಟ್ರಮ್ಮನಿಗೆ ನೋವಿನ ಜೊತೆಗೇ ನಗು ಉಕ್ಕುತ್ತಿತ್ತು. ಕೈ ಅಲುಗಿಸಿ ಬಳೆಯ ಸದ್ದು ಕೇಳಬೇಕೆಂಬ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಳು.

ಕೊನೆಯ ಬಳೆ ಗೆಣ್ಣಿನ ಮೇಲೆ ನಿಂತುಬಿಟ್ಟಿತು. ಅಲ್ಲಿದ್ದ ಸೀಳು ಬಿಚ್ಚಿ ರಕ್ತ ಜಿನುಗಿತು. ಕುಲ್ಸುಂಬೀ ಕೈ ತಡೆದಳು.

"ಇನ್ನ ಒತ್ತಿದ್ರ ಬಳಿ ಉಳಿಯಂಗಿಲ್ರಿ," ಎಂದಳು ಮೆಲ್ಲಗೆ.

ಚನ್ನಬಸಮ್ಮ ಮುಂದಕ್ಕೆ ಬಾಗಿ ನೋಡಿದಳು. "ಅಳತಿಗೆ ಕಳಿಸಿದ ಬಳಿ ಯಾರದ್ರಿ ಬೀಗರ?"

ವೀರಭದ್ರಮ್ಮ ಅವಸರದಿಂದ ನಡುವೆ ಬಾಯಿ ಹಾಕಿದಳು. "ಈಕಿದ ರೀ... ಚಳಿಗೆ ಒಂಚೂರು ಕೈ ಊದೈತ್ರಿ, ಅಷ್ಟ. ಒತ್ತ, ಕುಲ್ಸುಂಬೀ, ಏನಾಗಂಗಿಲ್ಲ."

ಕೊಟ್ರಮ್ಮ ತಾಯಿಯ ಮುಖ ನೋಡಿದಳು, ಗೆಣ್ಣಿನ ಮೇಲೆ ನಿಂತ ಬಳೆ ನೋಡಿದಳು. ನಾಳೆ ಆ ಮನೆ ಸೇರಿದ ಮೇಲೆ ಈ ಕೈಯನ್ನು ಎಲ್ಲಿ ಬಚ್ಚಿಡುವುದು?

"ಅಲ್ರಿ ಅತ್ತಿ," ಎಂದಳು ಒಂದೇ ಉಸಿರಿನಲ್ಲಿ. "ಆ ಬಳಿ ನಾನು ಸಣ್ಣಾಕಿ ಇದ್ದಾಗಿಂದ್ರಿ. ನನ್ನ ಕೈ ದೊಡ್ಡದೈತ್ರಿ. ಸುಣ್ಣ ಬಳಿದು ಬಿರಕನೂ ಬಿಟ್ಟಾವು. ಬೆಳಗಿಂದ ಮಜ್ಜಿಗಿ, ಕೆನಿ, ತುಪ್ಪ, ಎಲ್ಲಾ ಹಚ್ಚಿ ಇಷ್ಟಕ್ಕ ತಂದೀವ್ರಿ."

ವೀರಭದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೇನು ಗಾಡಿ ಕಟ್ಟಲು ಹೇಳುತ್ತಾರೆ ಎಂದು ಮರಿಬಸಪ್ಪ ಬಾಗಿಲ ಕಡೆ ನೋಡಿದ.

ಚನ್ನಬಸಮ್ಮ ನಿಟ್ಟುಸಿರು ಬಿಟ್ಟಳು. "ಬದುಕಿದೆ ನೋಡ್ರಿ!" ಎಂದಳು. "ಆ ಚೋಟುದ್ದ ಬಳಿ ಬಂದ ದಿನದಿಂದ ನನಗ ನಿದ್ದಿಲ್ಲ. ನಮ್ಮದು ತುಂಬಿದ ಮನಿ. ಇಷ್ಟ ಸಣ್ಣ ಕೈಯಾಗ ಈ ಹುಡುಗಿ ರೊಟ್ಟಿ ಹೆಂಗ ಬಡೀತಾಳಂತ ದಾರಿ ತುಂಬ ಅದ ಚಿಂತಿ. ನಮ್ಮ ಹುಡುಗನ್ನ ಕೇಳಿದ್ರ, ಕೈ ನೋಡ್ಲೇ ಇಲ್ಲವ್ವ ಅಂತಾನ!"

ಬಾಗಿಲಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಕೊಟ್ರಮ್ಮ ಕಿವಿಯವರೆಗೂ ಕೆಂಪಾದಳು. ವೀರಭದ್ರಮ್ಮನಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಕುಲ್ಸುಂಬೀ ಸಿಕ್ಕಿಬಿದ್ದ ಬಳೆಯನ್ನು ಹುಷಾರಾಗಿ ಹಿಂದಕ್ಕೆ ಜಾರಿಸಿ, ತನ್ನ ಮಲಾರದಿಂದ ಅಂಥದೇ ಹಸಿರಿನ ದೊಡ್ಡ ಬಳೆಯೊಂದನ್ನು ಆರಿಸಿ ತೊಡಿಸಿದಳು. ಅದು ಒತ್ತದೆಯೇ ಏರಿತು.

"ಆ ಬಟ್ಟಲದಾಗ ಕೆನಿ ಇನ್ನಾ ಉಳಿದೈತೇನ ತಂಗಿ?" ಎಂದು ಚನ್ನಬಸಮ್ಮ ಕೇಳಿದಳು.

"ಐತ್ರಿ."

ಚನ್ನಬಸಮ್ಮ ಬಂದಾಗಿನಿಂದ ಸೆರಗಿನೊಳಗೆ ಇಟ್ಟುಕೊಂಡಿದ್ದ ಕೈಗಳನ್ನು ಹೊರಗೆ ತೆಗೆದು ಸೊಸೆಯ ಮುಂದೆ ಚಾಚಿದಳು. ಅಗಲವಾದ ಕೈಗಳು, ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿದ್ದವು. ಕೊಟ್ರಮ್ಮ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಕೆನೆಯಲ್ಲಿ ಬೆರಳದ್ದಿ, ಅತ್ತೆಯ ಅಂಗೈಗೆ ತಿಕ್ಕತೊಡಗಿದಳು. ತಿಕ್ಕಿದಷ್ಟು ಹೊತ್ತೂ ಬಳೆಗಳು ಗಲಗಲ ಎನ್ನುತ್ತಿದ್ದವು. ಚಿಕ್ಕ ಬಳೆ ಕಂಬಳಿಯ ಅಂಚಿನಲ್ಲಿ, ತುಪ್ಪ ಮೆತ್ತಿಕೊಂಡು, ಒಡೆಯದೆ ಬಿದ್ದಿತ್ತು.