ಮೆತ್ತಗಾದ ಬ್ರೇಕು

ಕೋಥರೂಡಿನಲ್ಲಿ ಊಟದ ಹೋಟೆಲು ನಡೆಸುವ ಪ್ರೇಮಾವತಿಗೆ ತನ್ನ ಕಾರಿನ ಬ್ರೇಕು ಎಷ್ಟು ತುಳಿದರೆ ಹಿಡಿಯುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಮಾರ್ಕೆಟ್ ಯಾರ್ಡಿನಿಂದ ತರಕಾರಿ ಹೇರಿಕೊಂಡು ಬರುವವಳು ಅವಳೇ. ಗಂಡ ಮೋಹನದಾಸರು ಲೈಸೆನ್ಸ್ ಮಾಡಿಸುವ ಗೋಜಿಗೂ ಹೋದವರಲ್ಲ. ಪಕ್ಕದಲ್ಲಿ ಕೂತು "ನಿಧಾನ, ನಿಧಾನ" ಅನ್ನುವುದೇ ಡ್ರೈವಿಂಗ್ ಎಂದು ನಂಬಿದ್ದರು.

ಆ ದಿನ ಸರ್ವಿಸ್ ಮುಗಿಸಿ ಕಾರು ತರುವಾಗ ಪೌಡ್ ರಸ್ತೆಯ ಸಿಗ್ನಲಿನಲ್ಲಿ ಪೆಡಲು, ನಾದಿದ ಹಿಟ್ಟಿಗೆ ಕಾಲಿಟ್ಟ ಹಾಗೆ, ಸುಮ್ಮನೆ ಒಳಗಿಳಿಯಿತು. ಎರಡನೆಯ ಸಲ ತುಳಿದ ಮೇಲಷ್ಟೇ ಹಿಡಿಯಿತು. ಮುಂದಿನ ಬಸ್ಸಿಗೂ ಕಾರಿಗೂ ನಡುವೆ ಒಂದು ಗೇಣು ಉಳಿದಿತ್ತು. ಕಾರನ್ನು ಬದಿಗೆ ತಂದು, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ತೆವಳುತ್ತ ಸರ್ವಿಸ್ ಸೆಂಟರಿಗೇ ಮರಳಿದಳು.

ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವವನು ಕೇದಾರ. ಕೈಯಲ್ಲಿ ಟ್ಯಾಬ್, ಇಸ್ತ್ರಿ ಮುರಿಯದ ಅಂಗಿ, ಹುಟ್ಟಿದಾಗಿನಿಂದ ಗ್ರೀಸು ತಾಗದ ಉಗುರುಗಳು. ಅವಳ ಕನ್ನಡ ಬೆರೆತ ಮರಾಠಿಯನ್ನು ನಗುನಗುತ್ತ ಕೇಳಿಸಿಕೊಂಡ. ಹೊಸ ಬ್ರೇಕ್ ಪ್ಯಾಡ್ ಹಾಕಿದ್ದೇವೆ, ಮುನ್ನೂರು ಕಿಲೋಮೀಟರು ಓಡಿದರೆ ಹೊಂದಿಕೊಳ್ಳುತ್ತದೆ, ಲೇಡೀಸಿಗೆ ಮೊದಮೊದಲು ಹಾಗೆ ಅನ್ನಿಸುತ್ತದೆ ಎಂದ. ಹಾಗಾದರೆ ಎರಡನೆಯ ಸಲ ತುಳಿದಾಗ ಮಾತ್ರ ಯಾಕೆ ಹಿಡಿಯುತ್ತದೆ ಎಂದು ಅವಳು ಕೇಳಿದಳು. ಕೇದಾರ ಟ್ಯಾಬಿನ ಪರದೆಯನ್ನು ಮೇಲೆ ಕೆಳಗೆ ಸರಿಸಿದ. ಕಾರು ಯಜಮಾನರ ಹೆಸರಿನಲ್ಲಿದ್ದುದರಿಂದ ಯಜಮಾನರಿಗೇ ಫೋನು ಹಚ್ಚಿದ.

ಫೋನು ಅವಳ ಕೈಗೆ ಬರುವಷ್ಟರಲ್ಲಿ ಮೋಹನದಾಸರು ಕೇದಾರನ ಮಾತನ್ನು ಪೂರಾ ಒಪ್ಪಿಕೊಂಡಾಗಿತ್ತು.

"ಅವರು ಟ್ರೈನಿಂಗ್ ಆದವರು ಮಾರಾಯ್ತಿ. ನಿನಗೆ ಎಂತ ಗೊತ್ತುಂಟು?"

"ಬಸ್ಸಿನ ಹಿಂಬದಿ ಗೊತ್ತುಂಟು. ಹತ್ತಿರದಿಂದ ನೋಡಿ ಬಂದೆ," ಎಂದು ಅವಳು ಫೋನು ಇಟ್ಟಳು.

ಗಿರಾಕಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ಕೆಳಗೇ ನಡೆದು ಒಳಗೆ ಹೋದಳು. ಐವತ್ತರ ಆಸುಪಾಸಿನ ಮೆಕ್ಯಾನಿಕನೊಬ್ಬ ಹೆಂಡತಿಯೊಂದಿಗೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ. ಹೆಸರು ಅಂಬಾರಾಯ, ಯಾದಗಿರಿ ಕಡೆಯವನು. ತನ್ನ ಕಾರಿನ ಕೆಲಸ ಮಾಡಿದವನು ಇವನೇ ಎಂದು ವಿಚಾರಿಸಿ ತಿಳಿದು, ಅವಳು ಕನ್ನಡದಲ್ಲೇ ವಿಷಯ ಹೇಳಿದಳು. ಅವನು ಒಮ್ಮೆ ಬಾಗಿಲ ಕಡೆ ನೋಡಿದ.

"ಅಕ್ಕಾರ, ಗಾಡಿ ಒಯ್ಯಬ್ಯಾಡ್ರಿ. ಬ್ರೇಕಿನ ಪೈಪಿನಾಗ ಗಾಳಿ ಉಳದದ. ಇನ್ನೊಮ್ಮಿ ಗಾಳಿ ತಗೀಬೇಕಂತ ಕಾರ್ಡಿನಾಗ ಬರದಿದ್ದೆ. ಡೆಲಿವರಿ ಟೈಮ್ ಆಗ್ಯಾದ, ಬಿಡು ಅಂದ್ರು."

ಹಿಂದೆಯೇ ಬಂದಿದ್ದ ಕೇದಾರನಿಗೆ ಕನ್ನಡ ಬಾರದಿದ್ದರೂ ಗೋಡೆಗೆ ತೂಗುಹಾಕಿದ್ದ ಕೆಲಸದ ಕಾರ್ಡಿನ ಕಡೆ ಹೋದ ಅಂಬಾರಾಯನ ಬೆರಳು ಕಂಡಿತು. ಅಲ್ಲಿ ಅಂಬಾರಾಯ ಬರೆದ ಸಾಲನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಲಾಗಿತ್ತು. ತಪ್ಪೆಲ್ಲ ಮೆಕ್ಯಾನಿಕನದು ಎಂದು ಕೇದಾರ ಹೇಳತೊಡಗಿದ. ಆ ನೀಲಿ ಪೆನ್ನು ಅವನ ಜೇಬಿನಲ್ಲೇ ಇತ್ತು.

ಪ್ರೇಮಾವತಿ ಕಾರಿನ ಕೀಲಿಯನ್ನು ಅವನ ಮುಂದೆ ಹಿಡಿದಳು. ಬ್ರೇಕು ಸರಿಯಿದೆಯಲ್ಲ, ಚಾಂದಣಿ ಚೌಕಿನ ಇಳಿಜಾರು ಇಳಿದು ಬಾ, ನಾನು ಇಲ್ಲೇ ಕಾಯುತ್ತೇನೆ ಎಂದಳು. ಕೆಲಸ ಬಿಟ್ಟು ನೋಡುತ್ತಿದ್ದ ನಾಲ್ಕು ಜನರ ಎದುರು ಕೇದಾರನ ಕೈ ಮೇಲೇಳಲಿಲ್ಲ. ಟ್ರಯಲ್‌ಗೆ ಬೇರೆ ಡ್ರೈವರು ಇದ್ದಾನೆ, ಊಟಕ್ಕೆ ಹೋಗಿದ್ದಾನೆ ಎಂದ. ಟ್ಯಾಬನ್ನು ಎದೆಗವಚಿಕೊಂಡು ಹೊರಟುಹೋದ.

ಗಾಳಿ ತೆಗೆಯಲು ಇಬ್ಬರು ಬೇಕು. ಪೆಡಲು ತುಳಿಯಲು ಅವಳೇ ಕೂತಳು. "ಒತ್ರಿ... ಹಿಡೀರಿ... ಈಗ ಬಿಡ್ರಿ," ಎಂದು ಅಂಬಾರಾಯ ಚಕ್ರದ ಬಳಿಯಿಂದ ಹೇಳುತ್ತ ಹೋದ. ಪಾರದರ್ಶಕ ನಳಿಗೆಯಲ್ಲಿ ಎಣ್ಣೆಯೊಂದಿಗೆ ಗುಳ್ಳೆಗಳು ಹೊರಬಿದ್ದವು. ನಾಲ್ಕನೆಯ ಚಕ್ರ ಮುಗಿಯುವ ಹೊತ್ತಿಗೆ ಪೆಡಲು ಅವಳ ಪಾದವನ್ನು ಎಂದಿನ ಜಾಗದಲ್ಲಿ ತಡೆದು ನಿಲ್ಲಿಸಿತು. ಅವಳು ಇನ್ನೊಮ್ಮೆ ತುಳಿದು ನೋಡಿ ಕೆಳಗಿಳಿದಳು.

ರಿಕ್ಷಾದಲ್ಲಿ ಬಂದ ಮೋಹನದಾಸರು ಅಷ್ಟೂ ಹೊತ್ತು ಎಸಿ ಕೋಣೆಯಲ್ಲಿ ಕೇದಾರನ ಜೊತೆ ಕಾಫಿ ಕುಡಿಯುತ್ತಿದ್ದರು. ಹುಡುಗ ಭಾರೀ ಮರ್ಯಾದಸ್ಥ ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ಹೊಗಳಿದರು.

ಎರಡು ದಿನದ ಮೇಲೆ ಸರ್ವಿಸ್ ಹೇಗಿತ್ತೆಂದು ಕೇಳಲು ಕಂಪನಿಯಿಂದ ಕರೆ ಬಂತು, ಮೋಹನದಾಸರ ನಂಬರಿಗೆ. ಅವರು ಹತ್ತಕ್ಕೆ ಹತ್ತು ಕೊಟ್ಟರು. ತಿಂಗಳ ಕೊನೆಗೆ ಉತ್ತಮ ಸಿಬ್ಬಂದಿಯೆಂದು ಕೇದಾರನ ಫೋಟೊ ಗೋಡೆಗೇರಿತು. ಗಿರಾಕಿಯ ಮುಂದೆ ಬಾಯಿಬಿಟ್ಟ ತಪ್ಪಿಗೆ ಅಂಬಾರಾಯನನ್ನು ಕಾರು ತೊಳೆಯಲು ಹಾಕಿದರು. ಒಂದು ವಾರ ತೊಳೆದು ಅವನು ಕೆಲಸ ಬಿಟ್ಟ.

ಈಗ ಅವನು ವಾರ್ಜೆಯ ಒಂದು ಸಣ್ಣ ಗ್ಯಾರೇಜಿನಲ್ಲಿದ್ದಾನೆ. ಪ್ರೇಮಾವತಿ ಕಾರನ್ನು ಅಲ್ಲಿಗೇ ಒಯ್ಯುತ್ತಾಳೆ. ಅಲ್ಲಿ ಎಸಿ ಇಲ್ಲ, ಕಾಫಿಯೂ ಇಲ್ಲವಾದ್ದರಿಂದ ಮೋಹನದಾಸರು ಬರುವುದಿಲ್ಲ.