ಎದೆಯಿಂದ ಸಿಲಿಂಡರಿಗೆ ಐವತ್ತೆಂಟು

ನಾನು ದರ್ಜಿ. ಬಟ್ಟೆಗಿಂತ ಹೆಚ್ಚಾಗಿ ಹೊಲಿಯುವುದು ರಬ್ಬರನ್ನು. ಕಡಲಿನೊಳಗೆ ಮುಳುಗಿ ಈಜುವವರು ಹಾಕಿಕೊಳ್ಳುವ ದಪ್ಪ ಕಪ್ಪು ಸೂಟುಗಳು ಮಂಡಿಯಲ್ಲಿ ಹರಿಯುತ್ತವೆ, ಕಂಕುಳಲ್ಲಿ ಬಿರಿಯುತ್ತವೆ. ಅವುಗಳ ಮಾಲೀಕರು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಾರೆ, ಆಮೇಲೆ ಬಂದು ಸೂಟು ಕುಗ್ಗಿತು ಎಂದು ದೂರುತ್ತಾರೆ. ನಾನು ಹೂಂಗುಟ್ಟಿ ಟೇಪು ತೆಗೆದುಕೊಳ್ಳುತ್ತೇನೆ. ಹೊಸ ಅಳತೆಯನ್ನು ಪುಸ್ತಕದಲ್ಲಿ ಬರೆಯುವಾಗ ಅವರು ಬೇರೆ ಕಡೆ ನೋಡುತ್ತಾರೆ.

ಪಕ್ಕದ ಬಾಗಿಲು ನನ್ನ ತಮ್ಮನ ಡೈವಿಂಗ್ ಶಾಲೆಯದು. ಅವನನ್ನು ಎಲ್ಲರೂ ಕರೆಯುವುದು ಮೀಸೆ ಎಂದು. ಡೈವಿಂಗ್ ಕಲಿಸುವವನು ಮೀಸೆ ಬಿಡುವುದು ಬುದ್ಧಿವಂತಿಕೆಯಲ್ಲ, ಕೂದಲ ಸಂದಿನಿಂದ ಮಾಸ್ಕಿನೊಳಗೆ ನೀರು ನುಗ್ಗುತ್ತದೆ. ಆದರೂ ಅವನು ತೆಗೆಯಲೊಲ್ಲ. ದಿನಾ ವ್ಯಾಸಲೀನ್ ಮೆತ್ತಿಕೊಂಡು ನೀರಿಗಿಳಿಯುತ್ತಾನೆ. ಹಟದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ನಮ್ಮ ಎರಡೂ ಅಂಗಡಿಗಳನ್ನು ಸಾಕಿದ್ದು ಒಂದು ಪುಟ್ಟ ಕೊಲ್ಲಿ. ಎರಡು ಬಂಡೆಸಾಲುಗಳ ನಡುವೆ ನೀರು ಅಲ್ಲಿ ತೊಟ್ಟಿಯ ನೀರಿನಷ್ಟು ಶಾಂತ. ಮೊಣಕಾಲುದ್ದದಿಂದ ಶುರುವಾಗಿ ಮೆಲ್ಲಗೆ ಆಳವಾಗುತ್ತದೆ. ಉಳಿದ ಕಡೆ ಅಲೆ ಹೊಡೆಯುವ ಹೊಡೆತಕ್ಕೆ ಕಲಿಯುವವರು ನಿಲ್ಲಲಾರರು. ನಲವತ್ತಮೂರನೇ ವಯಸ್ಸಿನವರೆಗೆ ನೀರೆಂದರೆ ಹೆದರಿ ಸಾಯುತ್ತಿದ್ದ ನಾನು, ಅಲ್ಲೇ ತಮ್ಮನ ಕೈ ಹಿಡಿದು ಮೊದಲ ಸಲ ತಲೆ ಮುಳುಗಿಸಿದೆ. ಈಗ ನನಗೆ ಐವತ್ತೈದು. ಆ ನೀರಿನ ಕೆಳಗೆ ನನಗೆ ಸಿಗುವ ನೆಮ್ಮದಿ ನೆಲದ ಮೇಲೆ ಎಲ್ಲೂ ಸಿಕ್ಕಿಲ್ಲ.

ಎರಡು ವರ್ಷದ ಕೆಳಗೆ ಕೊಲ್ಲಿಯ ಮೇಲಿನ ದಿಬ್ಬದಲ್ಲಿ ರಿಸಾರ್ಟು ಎದ್ದಿತು. ಕೊಲ್ಲಿಗೆ ಇಳಿಯುವ ಸಾರ್ವಜನಿಕ ದಾರಿ ಅದರ ಮಗ್ಗುಲಲ್ಲೇ ಹೋಗುತ್ತದೆ. ದಾರಿಯನ್ನು ಮುಚ್ಚಬಾರದು ಎಂಬುದು ಅವರಿಗೆ ಕೊಟ್ಟ ಪರವಾನಗಿಯ ಷರತ್ತು. ಅವರು ಮುಚ್ಚಲಿಲ್ಲ. ದಾರಿಗೆ ಅಡ್ಡಲಾಗಿ ತಲೆಯವರೆಗೂ ಕಂಬಿಗಳಿರುವ, ಗರಗರ ತಿರುಗುವ ಒಂದು ಗೂಡುಗೇಟು ಹಾಕಿದರು. ಒಮ್ಮೆಗೆ ಒಬ್ಬರು ಒಳಗೆ ನಿಂತು ತಳ್ಳಬೇಕು. ಮುಂದೆ ಕಂಬಿ, ಹಿಂದೆ ಕಂಬಿ. ಒಮ್ಮೆ ತಿರುಗತೊಡಗಿದರೆ ಅದು ಮುಂದಕ್ಕೆ ಮಾತ್ರ ಹೋಗುತ್ತದೆ. ಪಕ್ಕದಲ್ಲೇ ಎರಡು ಬಾಗಿಲಿನ ದೊಡ್ಡ ಗೇಟಿದೆ, ಅದಕ್ಕೆ ಬೀಗ. 'ತುರ್ತು ಸಮಯಕ್ಕೆ ಮಾತ್ರ' ಎಂಬ ಫಲಕ ಬೇರೆ. ದಿನಾ ಬೆಳಿಗ್ಗೆ ಒಗೆದ ಟವೆಲಿನ ಗಾಡಿ ಅದರಲ್ಲೇ ಇಳಿಯುತ್ತದೆ, ಟವೆಲಿಗೆ ಅಂಥದ್ದೇನು ತುರ್ತೋ ನನಗೆ ಗೊತ್ತಿಲ್ಲ.

ಬೆನ್ನ ಮೇಲೆ ಗಾಳಿಯ ಸಿಲಿಂಡರು ಕಟ್ಟಿಕೊಂಡವರು ಆ ಗೂಡಿನಲ್ಲಿ ಹಿಡಿಸುವುದಿಲ್ಲ. ಮೊದಲ ದಿನವೇ ಜಗಳ ತೆಗೆಯಬೇಕಿತ್ತು. ನಾವು ತೆಗೆಯಲಿಲ್ಲ. ನಮ್ಮ ಕಸುಬಿನ ಮೊದಲ ಪಾಠವೇ ಜೊತೆಗಾರನ ನೆರವಿಗೆ ಕೈ ಚಾಚುವುದು. ಇಬ್ಬರಾಗಿ ಇಳಿ, ಇಬ್ಬರಾಗಿ ಹತ್ತು, ಒಬ್ಬರ ಬೆಲ್ಟು ಇನ್ನೊಬ್ಬರು ನೋಡು. ಹಾಗಾಗಿ ಒಬ್ಬರು ಬರಿಗೈಯಲ್ಲಿ ಗೂಡು ದಾಟುವುದು, ಪಕ್ಕದ ಎದೆಮಟ್ಟದ ಬೇಲಿಯ ಮೇಲಿಂದ ಇನ್ನೊಬ್ಬರು ಸಿಲಿಂಡರು ದಾಟಿಸುವುದು ಅಭ್ಯಾಸವಾಯಿತು. ಹೋದ ವರ್ಷ ನನ್ನ ಎಡಭುಜಕ್ಕೆ ಆಪರೇಷನ್ ಆಯಿತು. ಬೆನ್ನ ಮೇಲೆ ಹೊರಬಹುದು, ಎದೆಗಿಂತ ಮೇಲೆ ಎತ್ತಬಾರದು ಎಂದರು ಡಾಕ್ಟರು. ನನ್ನದನ್ನು ಎತ್ತಲು ನಾಲ್ಕು ಕೈ ಮುಂದೆ ಬಂದವು. ಎಷ್ಟು ಒಳ್ಳೆಯ ಜನ ಎಂದು ನಾನು ಉಬ್ಬಿದೆ.

ಆ ಒಳ್ಳೆಯತನವೇ ನಮ್ಮ ಕುತ್ತಿಗೆಗೆ ಬಂತು.

ಕೊನೆಗೂ ನಾನೂ ತಮ್ಮನೂ ದೂರು ಕೊಟ್ಟಾಗ ದಾರಿಗಳ ಇಲಾಖೆ ವಿಚಾರಣೆಗೆ ಕರೆಯಿತು. ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ಗೋಡೆಗೆ ಒಂದು ಪರದೆ. ಅಧಿಕಾರಿ ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಉಕ್ಕಿನ ಟೇಪು. ಅವರಿಗೆ ನಾನು ಮನಸ್ಸಿನಲ್ಲೇ ಅಳತೆ ಸಾಹೇಬರು ಎಂದು ಹೆಸರಿಟ್ಟೆ. ರಿಸಾರ್ಟಿನ ಮ್ಯಾನೇಜರು ಇಸ್ತ್ರಿ ಕೆಡದ ಅಂಗಿಯಲ್ಲಿ ಎದ್ದು ನಿಂತು ಗೇಟಿನ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು ಪರದೆಯ ಮೇಲೆ ಹಾಕಿದರು. ನಾವೇ! ಸಾಲಾಗಿ ಬರುತ್ತಿದ್ದೇವೆ, ನಗುತ್ತಿದ್ದೇವೆ, ಸಿಲಿಂಡರುಗಳು ಹೂಬುಟ್ಟಿಯ ಹಾಗೆ ಬೇಲಿ ದಾಟುತ್ತಿವೆ. ನಾನು ಒಂದು ಕಡೆ ಸೊಂಟಕ್ಕೆ ಕೈಯಿಟ್ಟು ನಿಂತು ಅಪ್ಪಣೆ ಕೊಡುತ್ತಿದ್ದೇನೆ.

"ನೋಡಿ ಸಾರ್, ಎರಡು ವರ್ಷದಿಂದ ಆರಾಮಾಗಿ ಓಡಾಡ್ತಿದ್ದಾರೆ. ನಮ್ಮ ಗೆಸ್ಟುಗಳಿಗೂ ಅದೇ ಗೇಟು. ಭೇದಭಾವ ಅನ್ನೋದೇ ಇಲ್ಲ" ಎಂದರು ಮ್ಯಾನೇಜರು.

ಅಳತೆ ಸಾಹೇಬರು ನಮ್ಮ ಕಡೆ ತಿರುಗಿದರು. "ಇದ್ರಲ್ಲಿ ಅಡ್ಡಿ ಎಲ್ಲಿದೆ ಹೇಳಿ?"

ಪರದೆಯ ಮೇಲೆ ನಾನು ಇನ್ನೂ ಸೊಂಟಕ್ಕೆ ಕೈಯಿಟ್ಟೇ ನಿಂತಿದ್ದೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಗುರುವಾರ ಹತ್ತು ಗಂಟೆಗೆ ಸ್ಥಳಕ್ಕೆ ಬಂದು ಗೇಟಿನ ಅಗಲ ಅಳೆಯುತ್ತೇನೆ, ನಿಯಮದಲ್ಲಿರುವ ಅರವತ್ತು ಸೆಂಟಿಮೀಟರ್ ಇದ್ದರೆ ಸರಿಯಿದೆ ಎಂದು ಸಹಿ ಹಾಕುತ್ತೇನೆ ಎಂದರು ಸಾಹೇಬರು. ಸಹಿ ಬಿದ್ದ ಮರುವಾರವೇ ಎದೆಮಟ್ಟದ ಬೇಲಿ ಕಿತ್ತು ಎಂಟಡಿಯ ಗಾಜಿನ ಗೋಡೆ ಎಬ್ಬಿಸುತ್ತಾರೆ ಎಂಬುದು ರಿಸಾರ್ಟಿನ ಕೆಲಸದವರಿಗೆಲ್ಲ ಗೊತ್ತಿತ್ತು. ಅಲ್ಲಿಗೆ ಕೊಲ್ಲಿ ನಮ್ಮ ಪಾಲಿಗೆ ಮುಗಿದಂತೆ.

ಅಂಗಡಿಗೆ ಬಂದವನೇ ಮೀಸೆ ಸ್ಟೂಲಿನ ಮೇಲೆ ಕುಸಿದು ತಲೆ ಮೇಲೆ ಕೈ ಹೊತ್ತು ಕೂತ. "ಮುಗೀತು ಅಕ್ಕ. ಬೋರ್ಡು ಬರೆದು ಹಿಡ್ಕೊಂಡು ನಿಲ್ಲೋಣ, ಕೂಗೋಣ. ಇನ್ನೇನು ಮಾಡೋಕಾಗುತ್ತೆ?"

"ಕೂಗಿದ್ರೆ ನಿನ್ನ ಗಂಟಲು ಹೋಗುತ್ತೆ, ಗೇಟು ಅಲ್ಲೇ ಇರುತ್ತೆ" ಎಂದೆ. "ಏಳು, ಸಿಲಿಂಡರ್ ಕಟ್ಕೊಂಡು ಬಾ."

"ಈಗ ಯಾಕೆ?"

"ಅಳತೆ ತಗೋಬೇಕು."

ಅಧಿಕಾರಿಗಳು ಅಗಲ ಅಳೆಯುತ್ತಾರೆ. ನಲವತ್ತು ವರ್ಷ ಜನರ ಮೈಗೆ ಬಟ್ಟೆ ಹೊಂದಿಸಿದವಳಿಗೆ ಅಗಲವೊಂದರಿಂದ ಏನೂ ತಿಳಿಯುವುದಿಲ್ಲವೆಂದು ಗೊತ್ತು. ಮನುಷ್ಯನಿಗೆ ದಪ್ಪವೂ ಇದೆ. ನಾನು ತಮ್ಮನನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ, ಸಿಲಿಂಡರು ಗೋಡೆಗೆ ತಾಗುವಂತೆ. ಬಟ್ಟೆ ಕತ್ತರಿಸುವ ಮೇಜಿನ ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಹಿಡಿದು, ಗೋಡೆಯಿಂದ ಅಲ್ಲಿಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದೆ. ಐವತ್ತೆಂಟು. ಆ ಸಂಜೆಯೊಳಗೆ ಶಾಲೆಗೆ ಬರುವ ಹದಿನಾಲ್ಕು ಜನರನ್ನೂ ಹಾಗೇ ನಿಲ್ಲಿಸಿದೆ. ಎಲ್ಲರಿಗಿಂತ ಸಣಕಲಿ ಒಬ್ಬ ನರ್ಸು, ಅವಳೂ ಐವತ್ತೊಂದಕ್ಕಿಂತ ಕೆಳಗೆ ಇಳಿಯಲಿಲ್ಲ. ನನ್ನದು ತಮ್ಮನಷ್ಟೇ. ಅದಕ್ಕೆ ಅವನು ಮೀಸೆಯಡಿಯಲ್ಲಿ ನಕ್ಕ, ನಾನು ನೋಡದ ಹಾಗೆ ಇದ್ದೆ.

ಮರುದಿನ ಗೇಟಿನ ಹತ್ತಿರ ಹೋದೆ. ಅಲ್ಲಿನ ಕಾವಲುಗಾರನ ಯೂನಿಫಾರ್ಮ್ ಪ್ಯಾಂಟಿನ ಸೊಂಟವನ್ನು ಎರಡು ಸಲ ಬಿಚ್ಚಿ ದೊಡ್ಡದು ಮಾಡಿಕೊಟ್ಟವಳು ನಾನು. ನಾನು ಕಂಬಿಯಿಂದ ಕಂಬಿಗೆ ಟೇಪು ಹಿಡಿದಾಗ ಅವನು ಆಕಾಶ ನೋಡುತ್ತ ನಿಂತ. ಅಗಲ ಎಪ್ಪತ್ತು. ಮುಂದಿನ ಕಂಬಿಯಿಂದ ಹಿಂದಿನ ಕಂಬಿಗೆ, ಬೆನ್ನು ಬರುವ ಜಾಗದಲ್ಲಿ, ನಲವತ್ತಾರು.

ಗುರುವಾರ ಬೆಳಿಗ್ಗೆ ಎಲ್ಲರನ್ನೂ ನನ್ನ ಅಂಗಡಿಯ ಮುಂದೆ ಸೇರಿಸಿದೆ. "ಇವತ್ತು ನಾನು ಸಿಲಿಂಡರ್ ಕಟ್ಕೊಂಡೇ ಗೂಡಿನೊಳಗೆ ಹೋಗ್ತೀನಿ, ಯಾರೂ ಯಾರಿಗೂ ಸಹಾಯ ಮಾಡ್ಬಾರ್ದು. ಬೇಲಿ ಮೇಲಿಂದ ಒಂದು ಚಪ್ಪಲಿ ಕೂಡ ದಾಟ್ಬಾರ್ದು. ನಮ್ಮ ಸಹಾಯನೇ ಅವರಿಗೆ ಸಾಕ್ಷಿ ಆಗಿರೋದು, ನೆನಪಿರ್ಲಿ."

"ನಿನಗೇನಾದ್ರೂ ಆದ್ರೆ?" ಎಂದ ಮೀಸೆ.

"ಆದ್ರೂ."

ಹತ್ತಕ್ಕೆ ಸರಿಯಾಗಿ ಸಾಹೇಬರು ಬಂದರು. ಉಕ್ಕಿನ ಟೇಪು ಸರಕ್ಕನೆ ಎಳೆದು ಅಗಲ ಅಳೆದರು. "ಎಪ್ಪತ್ತು. ನಿಯಮಕ್ಕಿಂತ ಹತ್ತು ಜಾಸ್ತಿನೇ ಇದೆ." ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ವಿನಯದಿಂದ ಮುಂದೆ ಚಾಚಿದರು.

"ಸಾರ್, ಇನ್ನೊಂದು ಅಳತೆ ಬಾಕಿ ಇದೆ" ಎಂದೆ. "ದಪ್ಪದ್ದು."

ಅವರು ಫಾರ್ಮು ತಿರುಗಿಸಿ ನೋಡಿದರು. "ಇದ್ರಲ್ಲಿ ಅಗಲಕ್ಕೆ ಮಾತ್ರ ಜಾಗ ಇದೆ, ಮೇಡಂ."

"ಹಾಗಾದ್ರೆ ನೀವು ನಿಂತು ನೋಡಿ."

ನಾನು ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡೇ ಬಂದಿದ್ದೆ. ಮೈಯನ್ನು ಹಿಡಿಯಷ್ಟು ಮಾಡಿಕೊಂಡು ಗೂಡಿನೊಳಗೆ ಹೆಜ್ಜೆಯಿಟ್ಟು ತಳ್ಳಿದೆ. ಹಿಡಿಸುವುದಿಲ್ಲ ಎಂದು ತೋರಿಸಿ, ಗೇಟು ತಿರುಗುವ ಮುಂಚೆಯೇ ಹಿಂದೆ ಬರುವುದಷ್ಟೇ ನನ್ನ ಲೆಕ್ಕ. ಆದರೆ ಗೇಟು ಅರ್ಧ ತಿರುಗಿ ಖಣ್ ಎಂದಿತು. ಹಿಂದಿನ ಎರಡು ಕಂಬಿಗಳ ನಡುವೆ ಸಿಲಿಂಡರಿನ ಕತ್ತು ಸಿಕ್ಕಿಕೊಂಡಿತು. ಮುಂದೆ ಹೋಗಲಾರೆ, ಹಿಂದೆ ಬರಲು ಗೇಟು ಬಿಡದು. ಮುಂದಿನ ಕಂಬಿ ಎದೆಗೆ ಒತ್ತಿತು. ಆಪರೇಷನ್ ಆದ ಭುಜ ಚುರುಗುಟ್ಟತೊಡಗಿತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ಕಂಬಿಯ ಸಂದಿನಿಂದ ಎರಡು ಕೈ ತೂರಿ ಬಂದು ನನ್ನ ಹೊಟ್ಟೆಯ ಬಕಲನ್ನು ಹುಡುಕಿದವು. ಮೀಸೆಯ ಕೈಗಳು. "ಬಕಲ್ ಬಿಚ್ತೀನಿ, ನೀನು ಜಾರ್ಕೊಂಡು ಮುಂದೆ ಹೋಗು."

"ಕೈ ತೆಗಿ!"

"ಅಕ್ಕ, ಭುಜ..."

"ಕೈ ತೆಗಿ ಅಂದೆ! ಬಿಚ್ಚಿದ್ರೆ ನಾಳೆ ಅದನ್ನೂ ಪರದೆ ಮೇಲೆ ತೋರಿಸ್ತಾರೆ."

ಕೈಗಳು ಹಿಂದೆ ಹೋದವು. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹನ್ನೆರಡು ವರ್ಷದ ಹಿಂದೆ ನೀರಿನೊಳಗೆ ನಾನು ಬಿಡದೆ ಹಿಡಿದಿದ್ದ ಕೈಗಳು ಅವು.

ಮ್ಯಾನೇಜರು ಹತ್ತಿರ ಬಂದು ಹಲ್ಲು ಕಚ್ಚಿ ನಕ್ಕರು. "ಬೇಕೂಂತಲೇ ನಾಟಕ ಆಡ್ತಿದ್ದಾರೆ ಸಾರ್. ಸಿಲಿಂಡರನ್ನ ಗೇಟಿನ ಮುಂದಿನ ಖಾನೇಲಿ ನಿಲ್ಲಿಸಿ, ತಾವು ಅದರ ಹಿಂದಿನ ಖಾನೇಲಿ ನಿಂತು ತಳ್ಳಬಹುದಿತ್ತು."

"ಇನ್ನೂರು ಬಾರ್ ಒತ್ತಡದಲ್ಲಿ ಗಾಳಿ ತುಂಬಿದೆ ಇದ್ರಲ್ಲಿ" ಎಂದೆ, ಉಸಿರು ಹಿಡಿದು. "ಈ ಇಳಿಜಾರಲ್ಲಿ ಒಂಟಿಯಾಗಿ ನಿಲ್ಲಿಸಿ, ಬಿದ್ದು ಅದರ ಕತ್ತು ಮುರಿದು ಗುಂಡಿನ ಹಾಗೆ ನುಗ್ಗಿದ್ರೆ ಎದುರಿಗೆ ನೀವು ನಿಂತಿರ್ತೀರಾ?"

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅಳತೆ ಸಾಹೇಬರು ಅದನ್ನು ನೋಡಿದರು.

ಅಷ್ಟರಲ್ಲಿ ರಿಸಾರ್ಟಿನ ಅತಿಥಿಗಳು ಬರತೊಡಗಿದರು. ಹೆಗಲ ಮೇಲೆ ಟವೆಲು, ಮೈಗೆಲ್ಲ ಬಿಳಿ ಕ್ರೀಮು. ಭೇದಭಾವವಿಲ್ಲದ ಗೇಟಿನಲ್ಲಿ ನಾನು ಬಿರಡೆಯ ಹಾಗೆ ನಿಂತಿದ್ದೆ. ಐದು ಜನ ಹತ್ತಾದರು, ಹತ್ತು ಇಪ್ಪತ್ತಾದರು. ಒಬ್ಬ ದಢೂತಿ ಮನುಷ್ಯ ಗಡಿಯಾರ ನೋಡಿ, "ಕಡಲಿಗೆ ಹೋಗೋಕೂ ಕ್ಯೂ ನಿಲ್ಲಬೇಕಾ?" ಎಂದು ದನಿಯೇರಿಸಿದ. ಮ್ಯಾನೇಜರ ಇಸ್ತ್ರಿ ಅಂಗಿಯ ಕಂಕುಳು ಒದ್ದೆಯಾಯಿತು.

"ಕೀ ತಗೋ" ಎಂದು ಅವರು ಕಾವಲುಗಾರನ ಮೇಲೆ ಹರಿಹಾಯ್ದರು. "ಗೆಸ್ಟುಗಳನ್ನ ಪಕ್ಕದಲ್ಲಿ ಬಿಡು, ಬೇಗ!"

ಕಾವಲುಗಾರ ಸೊಂಟದ ಕೀ ತೆಗೆದು ದೊಡ್ಡ ಗೇಟಿನ ಬೀಗಕ್ಕೆ ಹಾಕಿದ. ಅರ್ಧ ನಿಮಿಷವೂ ಆಗಲಿಲ್ಲ. ಎರಡು ಬಾಗಿಲೂ ಹಾರುಹೊಡೆದವು. ಅತಿಥಿಗಳು ಟವೆಲು ಬೀಸುತ್ತ ಇಳಿದುಹೋದರು.

ಅಳತೆ ಸಾಹೇಬರು ಕದಲಲಿಲ್ಲ. ಅವರು ನೋಡುತ್ತಿದ್ದುದು ಗೇಟನ್ನು. "ಇದು ತುರ್ತಿಗೆ ಮಾತ್ರ ಅಂದಿದ್ರಿ."

"ಇದೂ ಒಂಥರಾ ತುರ್ತೇ ಅಲ್ವಾ ಸಾರ್" ಎಂದರು ಮ್ಯಾನೇಜರು.

"ಗೂಡಲ್ಲಿ ಸಿಕ್ಕಿಕೊಂಡಿರೋದು ಅವರು. ತೆರೆದಿದ್ದು ನಿಮ್ಮ ಗೆಸ್ಟುಗಳಿಗೆ."

ಸಾಹೇಬರು ದೊಡ್ಡ ಗೇಟಿಗೆ ಹೋಗಿ ಉಕ್ಕಿನ ಟೇಪು ಎಳೆದರು. ಆಮೇಲೆ ನನ್ನ ಬಳಿ ಬಂದರು. ಕಂಬಿಯ ಮೂಲಕ ಅಳೆಯಲು ನೋಡಿದರು, ಉಕ್ಕು ಬಾಗಲಿಲ್ಲ. "ಮೇಡಂ, ನಿಮ್ಮ ಟೇಪು ಕೊಡ್ತೀರಾ?"

ಅದು ಕತ್ತಿನಲ್ಲೇ ಇತ್ತು. ಅವರು ಮುಂದಿನ ಕಂಬಿಯಿಂದ ಹಿಂದಿನ ಕಂಬಿಗೆ ಹಿಡಿದು ಗಟ್ಟಿಯಾಗಿ ಓದಿದರು. "ನಲವತ್ತಾರು. ನಿಮ್ಮದು?"

"ಎದೆಯಿಂದ ಸಿಲಿಂಡರಿಗೆ ಐವತ್ತೆಂಟು. ಹದಿನಾಲ್ಕು ಜನರದ್ದೂ ಅಂಗಡಿ ಪುಸ್ತಕದಲ್ಲಿದೆ."

"ಈಗ್ಲಾದ್ರೂ ಬಿಚ್ಚಿ ಹೊರಗೆ ಬನ್ನಿ, ನೋವಾಗ್ತಿದೆ ನಿಮಗೆ."

"ಬರ್ತೀನಿ ಸಾರ್. ಮೊದ್ಲು ಬರ್ಕೊಳ್ಳಿ."

ಫಾರ್ಮಿನಲ್ಲಿ ಜಾಗವಿರಲಿಲ್ಲ. ಅವರು ಅಂಚಿನ ಖಾಲಿ ಜಾಗದಲ್ಲಿ ಬರೆದರು, ಸಾಲದೆ ಹಿಂದಿನ ಪುಟಕ್ಕೆ ಹೋದರು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು. ತಿರುಗುವ ಗೇಟು ದಾರಿಗೆ ಅಡ್ಡಿಯಾಗಿದೆ. ಪಕ್ಕದ ಗೇಟನ್ನು ಅರ್ಧ ನಿಮಿಷದಲ್ಲಿ ತೆರೆಯಬಹುದೆಂದು ಮ್ಯಾನೇಜರೇ ತೋರಿಸಿಕೊಟ್ಟಿದ್ದಾರೆ. ಇಂದಿನಿಂದ ಬೆಳಗಿನಿಂದ ಸಂಜೆಯವರೆಗೆ ಅದು ಎಲ್ಲರಿಗೂ ತೆರೆದಿರಬೇಕು, ಅಡ್ಡಿ ತೆಗೆಯುವವರೆಗೆ ಯಾವ ಸಹಿಯೂ ಇಲ್ಲ, ಯಾವ ಗೋಡೆಯೂ ಇಲ್ಲ.

ಕಾವಲುಗಾರ ಗೂಡಿನ ಬುಡದ ತಿರುಪು ಸಡಿಲಿಸಿ ಗೇಟನ್ನು ಹಿಂದಕ್ಕೆ ತಿರುಗಿಸಿದ. ನಾನು ಹೊರಗೆ ಬಂದೆ. ಮೀಸೆ ಎದುರಿಗೆ ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು. ಕೈ ತಾನಾಗಿ ನನ್ನ ಸಿಲಿಂಡರಿನ ಕಡೆ ಚಾಚಿ, ಅರ್ಧದಲ್ಲೇ ನಿಂತಿತು.

"ಈಗ್ಲಾದ್ರೂ ಎತ್ಕೊಳ್ಲಾ?"

"ಬೇಡ. ಬೆನ್ನ ಮೇಲೇ ಇರ್ಲಿ" ಎಂದೆ. "ನನ್ನ ಬೆಲ್ಟು ನೋಡು."

ಅವನು ನನ್ನ ಬೆಲ್ಟು ಎಳೆದು ನೋಡಿದ, ನಾನು ಅವನದು ನೋಡಿದೆ. ದೊಡ್ಡ ಗೇಟಿನಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ದಾಟಿದೆವು, ನಡುವೆ ಇನ್ನೊಬ್ಬರಿಗೆ ಜಾಗ ಮಿಕ್ಕಿತು.