ಬರಿಗೆನ್ನೆ

ನೆಲನೆಲ್ಲಿಯ ಬೇರಿನ ಮಣ್ಣು ಎಷ್ಟು ತೊಳೆದರೂ ಹಲ್ಲಿಗೆ ಸಿಗುತ್ತದೆ ಅಂತ ನಿನ್ನೆ ಗಂಡ ಮುಖ ಕಿವುಚಿದ್ದರು, ಇವತ್ತು ನೀರು ತಿಳಿಯಾಗುವ ತನಕ ಜಾಲಾಡಿಸಿದ್ದಾಯಿತು, ಇನ್ನು ಅರೆಯುವುದಷ್ಟೇ, ಗುಂಡು ಹಿಂದಕ್ಕೆ ಮುಂದಕ್ಕೆ, ಹಸಿ ಕಹಿ ವಾಸನೆ ಮೂಗಿಗೆ ಏರುತ್ತಿದೆ, ಅತ್ತ ಮಿಲ್ಲಿನ ಸೈರನ್ ಕೂಗಿತು, ಆದರೆ ಬಸವಣ್ಣೆಮ್ಮನ ಕಣ್ಣು ಮಾತ್ರ ಕಲ್ಲಿನ ಮೂಲೆಯ ಆ ಗೀರಿನಲ್ಲೇ ನೆಟ್ಟಿದೆ— ಗೀರಿನೊಳಗೆ ಇನ್ನೂ ಹಳದಿ. ಅತ್ತೆ ಗಿರಿಯಮ್ಮ ಬೂದಿ ಹಾಕಿ, ತೆಂಗಿನ ನಾರು ಹಾಕಿ ತಿಕ್ಕಿದ್ದರು, ಹೋಗಲಿಲ್ಲ. ಹರಿಹರದಿಂದ ಬರುವಾಗ ರೈಲಿನಲ್ಲೇ ಅತ್ತೆ ಅರಿಶಿಣ ಬಿಡಿಸುವ ತೀರ್ಮಾನ ಮಾಡಿಬಿಟ್ಟಿದ್ದರು. ಅಲ್ಲಿಯ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಕಾಮಾಲೆಗೆ ಸೊಪ್ಪು ಕೊಡುವ ಫಕ್ರುನ್ನೀಸಾ ಗಂಡನ ಕೈಗೆ ಸುಣ್ಣದ ತಿಳಿ ಹಚ್ಚಿ ಹಿತ್ತಾಳೆ ಪರಾತದಲ್ಲಿ ತೊಳೆದಾಗ ನೀರು ಹಳದಿಗೆ ತಿರುಗಿತ್ತು, ನೋಡ್ರಮ್ಮಾ, ಎಷ್ಟು ಇಳೀತು, ಬರೀ ಹೊಟ್ಯಾಗ ಮಜ್ಜಿಗಿ ಜೊತಿ ಕುಡಸ್ರಿ, ಎಣ್ಣಿ ಕರಿದಿದ್ದು ಬ್ಯಾಡ ಅಂದಿದ್ದಳು, ಅರಿಶಿಣದ ಮಾತು ಅವಳ ಬಾಯಲ್ಲಿ ಬಂದಿರಲೇ ಇಲ್ಲ. ಅದು ಅತ್ತೆಯದೇ. ಹಳದಿ ಕಂಡ್ರ ಹಳದಿ ಏರ್ತೈತೆ, ಅಡಿಗ್ಯಾಗೂ ಬ್ಯಾಡ, ನೀನೂ ಕೆನ್ನಿಗೆ ಹಚ್ಚಬ್ಯಾಡ, ಅವನ ಕಣ್ಣಿಗೆ ಬೀಳಬಾರದು ಅಂದರು, ಗಂಡ ಸತ್ತ ದಿನದಿಂದ ತಾವು ಅರಿಶಿಣ ಮುಟ್ಟದ ಅತ್ತೆ, ಸೊಸೆಯ ಮುಖದ ಅರಿಶಿಣ ತಾವೇ ತೆಗೆಸಿದರು, ಮಗ ಉಳಿಯಲಿ ಅಂತ.

ನಲ್ಲಿಯ ಹತ್ತಿರ ಎದುರುಮನೆಯ ಶಕುಂತಲಮ್ಮ ಕೊಡ ಕೆಳಗಿಟ್ಟು ಅವಳ ಮುಖವನ್ನೇ ನೋಡಿದಳು, ಏನವ್ವಾ ಬಸವಣ್ಣೆಮ್ಮ, ಈಗ್ಲೇ ತಾಲೀಮು ಶುರು ಮಾಡಿದಿ ಏನು? ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗಬಾರದಿತ್ತು, ನೀರು ತುಳುಕಿ ಸೀರೆ ನೆನೆಯಿತು, ಮನೆಗೆ ಬಂದು ಬಚ್ಚಲಿನ ಮೊಳೆಗೆ ನೇತುಹಾಕಿದ ಕನ್ನಡಿಯಲ್ಲಿ ನೋಡಿಕೊಂಡರೆ— ಅವಳದೇ ಕೆನ್ನೆ, ಮದುವೆಗೆ ಮೊದಲು ಮಾಯಕೊಂಡದ ಮನೆಯ ಹಿತ್ತಲಲ್ಲಿ ಓಡಾಡುತ್ತಿದ್ದ ಹುಡುಗಿಯ ಕೆನ್ನೆ, ಸ್ವಲ್ಪ ಸಡಿಲವಾಗಿದೆ, ಆದರೆ ಅದೇ. ಹಗುರ ಅನ್ನಿಸಿತು. ಅನ್ನಿಸಿತಲ್ಲ ಅಂತ ತಕ್ಷಣ ಕನ್ನಡಿಯನ್ನು ಗೋಡೆಗೆ ತಿರುಗಿಸಿದಳು, ಮರುದಿನ ಮತ್ತೆ ತಾನೇ ಈಚೆಗೆ ತಿರುಗಿಸಿಕೊಂಡು ನೋಡಿದಳು. ಗಂಡ ಕೈ ಎತ್ತಿದವರಲ್ಲ, ಒಮ್ಮೆಯಾದರೂ ಹೊಡೆದಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು, ಪೇಟೆಯಲ್ಲಿ ವಾಮದೇವಪ್ಪ ಸಾವ್ಕಾರ್ರು ಅಂದರೆ ಎದ್ದು ನಿಲ್ಲುತ್ತಾರೆ, ಮನೆಯಲ್ಲಿ ಏಯ್, ನೀರು, ಏಯ್, ದೀಪ, ಅಷ್ಟೇ, ಅಷ್ಟಕ್ಕೆ ಯಾರಾದರೂ ಇಂಥದ್ದು ಬಯಸುತ್ತಾರೆಯೇ, ಅರೆ, ಇನ್ನೂ ನುಣ್ಣಗೆ ಅರೆ, ಬೇರಿನ ಎಳೆ ಉಳಿದಿದೆ.

ಅವರ ಹೊಟ್ಟೆ ಊದಿಕೊಂಡ ಮೇಲೆ ದೊಡ್ಡಾಸ್ಪತ್ರೆಗೆ ಹೋಗಿದ್ದು, ಅವರನ್ನು ರಕ್ತ ತೆಗೆಯಲು ಆಚೆ ಕಳಿಸಿ ಡಾಕ್ಟರಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡಳು, ಮುಂಗೈ ಮೇಲಿನ ರೊಟ್ಟಿ ಹಂಚಿನ ಸುಟ್ಟ ಕಲೆ ಮುಟ್ಟಿ, ನೋಡಿ, ಇಲ್ಲಿ ಚರ್ಮ ಇದೆ, ಆದ್ರೆ ಬೆವರಲ್ಲ, ಕೂದಲು ಬರಲ್ಲ, ಅಲ್ವಾ? ಅವರ ಲಿವರ್ ಪೂರ್ತಿ ಹೀಗೆ ಆಗ್ತಾ ಇದೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಒಂದೊಂದೇ ಜೀವಕೋಶ ಸಾಯುತ್ತೆ, ಆ ಜಾಗದಲ್ಲಿ ಕಲೆ ಕೂರುತ್ತೆ ಅಂದಳು. ಅರಿಶಿಣ ಬಿಡಿಸೇವ್ರಿ ಅಂದದ್ದಕ್ಕೆ ಡಾಕ್ಟರಮ್ಮನಿಗೆ ನಗು, ಯಾಕೆ ಬಿಡಿಸಿದ್ರಿ, ಆ ಹಳದೀಲೇ ತುಕ್ಕು ತಡೆಯೋ ಗುಣ ಇದೆ ಅಂತ ಇಲಿಗಳ ಮೇಲೆ ನೋಡ್ತಾ ಇದಾರೆ, ವಿಷ ಕೊಟ್ಟ ಇಲಿಗಳಿಗೆ ಅದನ್ನೂ ಕೊಟ್ರೆ ಲಿವರ್ ಕಡಿಮೆ ಕೆಡುತ್ತಂತೆ, ಮನುಷ್ಯರಿಗೆ ಎಷ್ಟು ಕೆಲಸ ಮಾಡುತ್ತೋ ಇನ್ನೂ ಗೊತ್ತಿಲ್ಲ, ನಿಮ್ಮ ಸೊಪ್ಪಿನ ಕಥೇನೂ ಅಷ್ಟೇ. ನಗು ನಿಂತಿತು. ಆದ್ರೆ ವಿಷ ಒಳಗೆ ಹೋಗ್ತಾನೇ ಇದ್ರೆ ಇದ್ಯಾವುದೂ ಸಾಲಲ್ಲ, ನಿಲ್ಲಿಸಿದ್ರೆ ಇನ್ನೂ ಉಳಿಸಿಕೋಬಹುದು. ನಿಜ ಹೇಳಿ, ಕುಡೀತಾರಾ?

ಇಲ್ರಿ, ನಾವು ಲಿಂಗ ಕಟ್ಟಿದವ್ರು.

ಎಷ್ಟು ಸಲೀಸಾಗಿ ಬಂತು ಆ ಇಲ್ರಿ, ತಡವರಿಸಲೂ ಇಲ್ಲ, ಮನೆತನದ ಮಾನಕ್ಕೆ ಅಂತ ದಾರಿಯುದ್ದಕ್ಕೂ ಅಂದುಕೊಂಡಳು, ಅತ್ತೆಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ ಅಂತ, ಮಠದವರ ಕಿವಿಗೆ ಬಿದ್ದರೆ ಅಂತ, ಆದರೆ ಹಿಂದಿನ ಕೋಣೆಯ ಹತ್ತಿಕಾಳಿನ ಚೀಲದೊಳಗೆ ಬಾಟ್ಲಿ ಇರುವುದು ಅವಳಿಗೆ ಗೊತ್ತು, ನಿನ್ನೆ ಸಂಜೆಯೂ ಚೀಲ ಸರಸರ ಅಂದಿತು, ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು, ಸದ್ದು ಕೇಳಿಸದಿರಲಿ ಅಂತ ಇನ್ನೂ ಜೋರಾಗಿ ಬಡಿದಳು, ಆಮೇಲೆ ಲವಂಗ ಅಗಿಯುತ್ತ ಊಟಕ್ಕೆ ಬಂದವರಿಗೆ ತಟ್ಟೆ ಇಟ್ಟಳು, ಬೆಳಿಗ್ಗೆ ಹೀಗೆ ಸೊಪ್ಪು ಅರೆಯಲು ಕೂತಳು, ಅತ್ತೆ ಎಲ್ಲರಿಗೂ ಹೇಳುತ್ತಾರೆ, ನಮ್ಮ ಸೊಸಿ ಗಂಡನ್ನ ಹೆಂಗ ನೋಡ್ಕಂತಾಳ ಅಂತ. ಡಾಕ್ಟರಮ್ಮನಿಗೆ ಇಲ್ರಿ ಅಂದದ್ದು ಮಾನವಲ್ಲ. ಅಂದದ್ದು ಕನ್ನಡಿಯೊಳಗಿನ ಆ ಕೆನ್ನೆ.

ಆತೇನೇ, ಅವ ಎದ್ದಾನ, ಅತ್ತೆಯ ದನಿ ಪಡಸಾಲೆಯಿಂದ, ಬಂದೆ ಅತ್ತೇರೆ, ಇಷ್ಟು ನುಣ್ಣಗಾದರೆ ಸಾಕು, ಹಸಿರು ಮುದ್ದೆಯನ್ನು ಮೂಲೆಗೆ ಎಳೆದು ಆ ಗೀರಿನ ಮೇಲೆ ಗುಂಡನ್ನು ಒತ್ತಿ ಒತ್ತಿ ತಿರುವಿದಳು, ಬಂದಷ್ಟು ಹಳದಿ ಬರಲಿ, ಮಜ್ಜಿಗೆಗೆ ಕದಡಿದಳು. ಸೋಮವಾರ ಮತ್ತೆ ಆಸ್ಪತ್ರೆ. ಅವರನ್ನು ಆಚೆ ಕಳಿಸಿದ ಮೇಲೆ ಡಾಕ್ಟರಮ್ಮನಿಗೆ ಕುಡೀತಾರ್ರಿ ಅನ್ನಬೇಕು, ಒಂದೇ ಮಾತು, ಕೇಳದಿದ್ದರೂ ಅನ್ನಬೇಕು, ಅತ್ತೆಗೂ ಗೊತ್ತಾಗುವುದು ಬೇಡ, ಅವರಿಗೂ ಬೇಡ, ಅನ್ನುತ್ತಾಳೆ, ಅವರು ಉಳಿಯುತ್ತಾರೆ, ಏಯ್ ನೀರು ಅನ್ನುತ್ತಾರೆ, ಆಗ ಅರಿಶಿಣದ ಕೊಂಬು ಅಟ್ಟದಿಂದ ಇಳಿಯುತ್ತದೆ, ಇಳಿಯಲಿ— ಲೋಟ ಹಿಡಿದು ಎದ್ದಳು, ಪಡಸಾಲೆಗೆ ಬಚ್ಚಲು ದಾಟಿಯೇ ಹೋಗಬೇಕು, ನೋಡಬಾರದು, ಮೊಳೆ, ಕನ್ನಡಿ, ಈಚೆಗೆ ತಿರುಗಿಯೇ ಇದೆ, ಬರಿಗೆನ್ನೆ.